ಪಡಸಾಲೆಯಲ್ಲಿ ಕೂರಿಸಿದ ಪೆಟ್ಟಿಗೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ದನಿ ಎತ್ತಲೇಬೇಕಿದ್ದ ಒಂದೇ ಒಂದು ದಿನ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಮ್ಮೂರು ಬಸವನ ಬಾಗೇವಾಡಿ. ಇಂಡಿ ಪಟ್ಟಣದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಆ ವಿಭಾಗಕ್ಕೆ ನಾನೊಬ್ಬಳೇ. ಕಿಟಕಿಯಿಲ್ಲದ ಕೋಣೆ, ಇಡೀ ದಿನ ಹಲ್ಲು ಕಡಿಸುವ ಏಸಿ, ಗುಂಯ್ ಎನ್ನುವ ಸರ್ವರ್. ಹೊರಗೆ ಲಿಂಬೆ ಗಿಡವೂ ಬಾಡುವ ಬಿಸಿಲಿದ್ದರೆ ನಾನು ಒಳಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆ. ಕ್ವಾರ್ಟರ್ಸಿನ ಹೆಂಗಸರಿಗೆ ನಾನು ಗಂಡಸರ ಕೆಲಸ ಮಾಡುವವಳು. ಆಫೀಸಿನ ಗಂಡಸರಿಗೆ ನಾನು ಹೆಂಗಸು. ಹೀಗಾಗಿ ಊಟದ ಡಬ್ಬಿ ಬಿಚ್ಚಲು ನನಗೆ ಯಾರ ಪಕ್ಕದಲ್ಲೂ ಜಾಗವಿರಲಿಲ್ಲ.

ದಿನಕ್ಕೊಂದು ಫೋನು ಮಾತ್ರ ಬರುತ್ತಿತ್ತು. ಸಿಂದಗಿಯಲ್ಲಿ ಕಾರ್ಖಾನೆಯ ಕಬ್ಬಿನ ಕಚೇರಿಯಿತ್ತು, ಅಲ್ಲಿಯ ಗುಮಾಸ್ತರು ಐವತ್ತು ದಾಟಿದವರು. ಹತ್ತು ಗಂಟೆಗೆ ಸರಿಯಾಗಿ ಕರೆ ಮಾಡಿ, "ತಂಗಿ, ಚಾ ಆತೇನು?" ಎನ್ನುತ್ತಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ನನ್ನ ಚಹಾ ಆಯಿತೋ ಇಲ್ಲವೋ ಎನ್ನುವ ಚಿಂತೆ ಆ ಇಡೀ ಕಾರ್ಖಾನೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಕಬ್ಬು ಕಡಿಯುವ ಪಾಳಿ ಪಟ್ಟಿ ನಮ್ಮ ಸರ್ವರಿನಲ್ಲಿರುತ್ತಿತ್ತು. ಯಾರ ಹೊಲಕ್ಕೆ ಯಾವತ್ತು ಕಡಿಯುವ ಆಳುಗಳ ಗ್ಯಾಂಗ್ ಹೋಗಬೇಕು ಎನ್ನುವುದೆಲ್ಲ ಅದರಲ್ಲಿ. ಪಾಳಿ ತಪ್ಪಿದರೆ ಕಬ್ಬು ಹೊಲದಲ್ಲೇ ಒಣಗುತ್ತದೆ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕಚೇರಿಗಳು ದೂರದಿಂದಲೇ ಆ ಪಟ್ಟಿ ನೋಡಿ ತಿದ್ದಲಿ ಎಂದು ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ಒಂದು ವಿಪಿಎನ್ ಪೆಟ್ಟಿಗೆ ತರಿಸಿದರು. ಆ ಕಚೇರಿಗಳಿಂದ ಇಂಟರ್‌ನೆಟ್ ಮೇಲೆ ಬರುವ ಮಾಹಿತಿ ಸೀಲು ಹಾಕಿದ ಗಂಟಿನಂತೆ ಬರುತ್ತದೆ, ಅದನ್ನು ಬಿಚ್ಚುವುದು ಈ ಪೆಟ್ಟಿಗೆಯ ಕೆಲಸ. ಕಾರ್ಖಾನೆಗೆ ಫೈರ್‌ವಾಲ್ ಎಂಬ ಕಾವಲಿನ ಯಂತ್ರ ಆಗಲೇ ಇತ್ತು. ಈಗ ಪೆಟ್ಟಿಗೆಯನ್ನು ಆ ಕಾವಲಿನ ಹೊರಗಿಡಬೇಕೋ ಒಳಗಿಡಬೇಕೋ ಎನ್ನುವುದು ಪ್ರಶ್ನೆ.

ಹೊರಗಿಟ್ಟರೆ ಪೆಟ್ಟಿಗೆಗೇ ರಕ್ಷಣೆಯಿಲ್ಲ, ಬೀದಿಯಲ್ಲಿ ಕೂತ ಹಾಗೆ. ಒಳಗಿಟ್ಟರೆ ಗಂಟು ಸೀಲು ಸಮೇತ ಕಾವಲು ದಾಟಿ ಒಳಗೇ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಏನಿತ್ತೋ ಕಾವಲಿಗೆ ಗೊತ್ತೇ ಆಗುವುದಿಲ್ಲ. ಫೈರ್‌ವಾಲಿಗೆ ವಯರು ಸಿಕ್ಕಿಸುವ ಪೋರ್ಟುಗಳಲ್ಲಿ ಹೊರಗಿನದೊಂದು, ಒಳಗಿನದೊಂದು ಅಲ್ಲದೆ ಮೂರನೆಯದೊಂದೂ ಇತ್ತು. ಪೆಟ್ಟಿಗೆಯನ್ನು ಅಲ್ಲಿ ಜೋಡಿಸಿದರೆ ಗಂಟು ಅಲ್ಲಿ ಬಿಚ್ಚಿಕೊಂಡು, ಮತ್ತೊಮ್ಮೆ ಕಾವಲಿನ ಕಣ್ಣೆದುರು ಹಾದು ಒಳಗೆ ಬರುತ್ತದೆ. ಯಾವ ಕಚೇರಿ, ಎಷ್ಟು ಹೊತ್ತಿಗೆ, ಯಾವ ಕಡತದ ಕಡೆಗೆ ಹೋಯಿತು ಎಲ್ಲ ದಾಖಲಾಗುತ್ತದೆ. ನಾನು ಮೂರನೆಯ ಪೋರ್ಟಿಗೇ ಜೋಡಿಸಿದೆ. ನಮ್ಮ ಮನೆಗಳ ಪಡಸಾಲೆಯ ಹಾಗೆ ಅಂದುಕೊಂಡೆ, ಕಾಕಾ ಅವರಿಗೂ ಹಾಗೇ ಹೇಳಿದೆ: ಬಂದವರು ಮೊದಲು ಅಲ್ಲಿ ಕೂತು, ಆಮೇಲೆ ಒಳಗೆ.

ಸಿಂದಗಿಯ ಕಂಪ್ಯೂಟರು ಸಜ್ಜು ಮಾಡಲು ಹೋದ ದಿನ ಕಾಕಾ ನನ್ನನ್ನು ದೇವಣಗಾಂವದ ತಮ್ಮ ಮನೆಗೆ ಊಟಕ್ಕೆ ಕರೆದೊಯ್ದರು. ಪಡಸಾಲೆಯ ಜಮಖಾನೆಯ ಮೇಲೆ ನಾನು ಕೂರಲು ಹೋದರೆ ಕಾಕಿ ಒಳಗಿನಿಂದಲೇ ಕೂಗಿದರು: "ಅಯ್ಯ, ಅಲ್ಯಾಕ ಕುಂದರ್ತಿ ಬೇ! ಪಡಸಾಲಿ ಹೊರಗಿನ ಮಂದಿಗಿ ಐತಿ. ನೀ ಒಳಗ ಬಾ." ಒಲೆಯ ಪಕ್ಕ ಮಣೆ ಹಾಕಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದರು. ಊರು ಬಿಟ್ಟ ಮೇಲೆ ಒಲೆಯ ಮುಂದೆ ಕೂತು ಉಂಡದ್ದು ಅದೇ ಮೊದಲು. ಹೊಗೆ ಎಂದು ಸುಳ್ಳು ಹೇಳಿ ಕಣ್ಣು ಒರೆಸಿಕೊಂಡೆ.

ಸುಗ್ಗಿ ಶುರುವಾದ ಮೇಲೆ ತಕರಾರುಗಳು ಬಂದವು. ಸಂಪರ್ಕ ಪದೇ ಪದೇ ಕಡಿಯುತ್ತಿತ್ತು. ಹೊಸದೇನು ಬೇಕಾದರೂ ನಾನು ಫೈರ್‌ವಾಲಿನಲ್ಲಿ ಅನುಮತಿ ಕೊಡಬೇಕಿತ್ತು. ಎಲ್ಲವೂ ದಾಖಲಾಗುತ್ತದೆ ಎಂದು ಯಾರೋ ಕಾಕಾ ಅವರ ಕಿವಿಗೆ ಹಾಕಿದರು. ಅಂದು ಅವರ ದನಿಯೇ ಬೇರೆಯಿತ್ತು.

"ತಂಗಿ, ನಾ ಏನ್ ಕಳ್ಳ ಅದೀನೇನು? ಮನಿ ಮಂದೀನ ಪಡಸಾಲ್ಯಾಗ ಕುಂದ್ರಿಸಿ ತಡವಿ ನೋಡೂದು ಯಾವ ರೀತಿ?"

"ಕಾಕಾ, ಅದು ಯಂತ್ರದ ಪದ್ಧತಿರಿ. ಎಲ್ಲಾರಿಗೂ ಅದ ಐತಿ."

"ಎಲ್ಲಾರೊಳಗ ನಾನೂ ಒಬ್ಬ ಆದ್ನೆಲ್ಲ, ಅದ ಮಾತು."

ಮರುದಿನ ಹತ್ತು ಗಂಟೆಗೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕು ದಿನ ನಾನು ಯಾರೊಂದಿಗೂ ಕೆಲಸಕ್ಕೆ ಹೊರತಾದ ಒಂದು ಮಾತು ಆಡಲಿಲ್ಲ. ಐದನೆಯ ದಿನ ಪೆಟ್ಟಿಗೆಯ ವಯರನ್ನು ಮೂರನೆಯ ಪೋರ್ಟಿನಿಂದ ಕಿತ್ತು ಕಾವಲಿನ ಒಳಗೆ ಜೋಡಿಸಿಬಿಟ್ಟೆ. ಕೆಲಸ ಕಲಿತ ಯಾರೂ ಮಾಡಬಾರದ ಕೆಲಸ. ಇನ್ನು ಮೂರೂ ಕಚೇರಿಯವರು ಒಳಗೆ ಒಂದೇ ವಿಳಾಸದಿಂದ ಬಂದವರ ಹಾಗೆ ಕಾಣುತ್ತಾರೆ, ಯಾವ ತಿದ್ದುಪಡಿ ಯಾವ ಕಚೇರಿಯದು ಎಂದು ಗೊತ್ತಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಫೋನು ಮಾಡಿ ಹೇಳಿದೆ: "ಕಾಕಾ, ನಿಮ್ಮನ್ನ ಒಳಗ ಕರ್ದೇನ್ರಿ."

ಅವರು ನಕ್ಕರು. "ಹಾಂ, ಈಗ ನಮ್ಮ ತಂಗಿ ಆದಿ ನೋಡು. ಚಾ ಆತೇನು?"

ಒಂದು ತಿಂಗಳೂ ಕಳೆದಿರಲಿಲ್ಲ, ಪಾಳಿ ಪಟ್ಟಿ ಅದಲುಬದಲಾಯಿತು. ಸಿಂದಗಿ ತಾಲೂಕಿನ ಒಂದು ಹಳ್ಳಿಯ ಐದಾರು ಜನರ ಹೆಸರು ಹಿಂದಿನಿಂದ ಮುಂದಕ್ಕೆ ಜಿಗಿದಿತ್ತು. ಪಾಳಿ ತಪ್ಪಿದ ರೈತರು ಗೇಟಿನ ಮುಂದೆ ಬಂದು ಕೂತರು. ಪಟ್ಟಿ ತೆರೆಯಲು ಮೂರೂ ಕಚೇರಿಗೆ ಒಂದೇ ಪಾಸ್‌ವರ್ಡ್. ಹೆಸರುಗಳು ಸಿಂದಗಿಯ ಕಡೆಯವಾದ್ದರಿಂದ ಎಲ್ಲರ ಬೆರಳೂ ಕಾಕಾ ಅವರತ್ತಲೇ ಹೋಯಿತು.

ಸಾಹೇಬರು ನನ್ನನ್ನು ಕರೆದರು. "ಯಾವ ಕಚೇರಿಯಿಂದ ಆಗೇತಿ ಅಂತ ನಿಮ್ಮ ಮಿಷಿನ್ ಹೇಳೂದಿಲ್ಲೇನ್ರಿ?"

"ಹೇಳೂದಿಲ್ರಿ ಸರ್," ಎಂದೆ.

ಮೊದಲು ಹೇಳುತ್ತಿತ್ತು, ನಾನೇ ಅದರ ಕಣ್ಣು ಕಟ್ಟಿದೆ ಎನ್ನುವ ಮಾತನ್ನು ಮುಂದೆ ಸೇರಿಸಬೇಕಿತ್ತು. ಕೆಲಸ ಹೋದರೆ ಬಾಗೇವಾಡಿಯಲ್ಲಿ ಮತ್ತೆ ಅಣ್ಣಂದಿರ ಮನೆಯ ಮೂಲೆಯೇ ಗತಿ ಎನ್ನುವ ಭಯ ಅದನ್ನು ನುಂಗಿತು. ಅಂದು ಸಂಜೆ ಕಾಕಾ ಫೋನು ಮಾಡಿದರು. "ತಂಗಿ, ನನಗ ಹೆದರಿಕಿ ಇಲ್ಲ. ನಿನ್ನ ಮಿಷಿನ್ ಐತೆಲ್ಲ, ಎಲ್ಲಾ ಬರ್ಕೊಂಡಿರ್ತೈತಿ. ನಾ ಮಾಡಿಲ್ಲ ಅಂತ ಅದ ಹೇಳ್ತೈತಿ." ನಾನು ಹೂಂ ಎಂದೆ, ಅಷ್ಟೇ. ಆ ಹೂಂ ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ. ಮರುವಾರ ಅವರನ್ನು ಕೆಲಸದಿಂದ ತೆಗೆದರು.

ಅಂದೇ ಪೆಟ್ಟಿಗೆಯನ್ನು ಮೂರನೆಯ ಪೋರ್ಟಿಗೆ ಮರಳಿ ಜೋಡಿಸಿದೆ. ಯಾರನ್ನೂ ಕೇಳಲಿಲ್ಲ. ಕಚೇರಿಗಳಿಂದ ಗೊಣಗಾಟ ಬಂದಾಗ ಗದರಿಸಿ ಫೋನಿಟ್ಟೆ. ಆ ಸುಗ್ಗಿ ಮುಗಿಯುವುದರೊಳಗೆ ಮತ್ತೆ ಅದೇ ಆಟ ನಡೆಯಿತು. ಈ ಸಲ ದಾಖಲೆ ಕಣ್ಣಿಗೆ ಹೊಡೆಯುವಂತಿತ್ತು: ತಿದ್ದುಪಡಿ ಬಂದದ್ದು ಮುದ್ದೇಬಿಹಾಳದ ಕಚೇರಿಯಿಂದ. ಅಲ್ಲಿ ಕೂತವನ ಬೀಗರ ಊರು ಸಿಂದಗಿಯ ಆ ಹಳ್ಳಿಯೇ. ಮೊದಲನೆಯದನ್ನೂ ತಾನೇ ಮಾಡಿದ್ದೆಂದು ಅವನು ಒಪ್ಪಿಕೊಂಡ. ನಾನು ಸಾಹೇಬರ ಮುಂದೆ ನನ್ನ ತಪ್ಪನ್ನೂ ಹೇಳಿದೆ. ಬೈದರು, ಕೆಲಸ ಉಳಿಯಿತು. ಕಾಕಾ ಅವರನ್ನು ಮರಳಿ ಕರೆಯಲು ಕಾಗದ ಬರೆದರು. ಅವರು ಬರಲಿಲ್ಲ, ಉತ್ತರವನ್ನೂ ಬರೆಯಲಿಲ್ಲ.

ಒಂದು ಭಾನುವಾರ ಟೆಂಪೊ ಹತ್ತಿ ದೇವಣಗಾಂವಕ್ಕೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕಾಕಾ ಎದ್ದು ನಿಂತರು.

"ಬರ್ರಿ ಮೇಡಮ್ಮರ. ಕುಂದರ್ರಿ."

ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಕೂತು ಎಲ್ಲ ಹೇಳಿದೆ. ಪೆಟ್ಟಿಗೆ ಒಳಗಿಟ್ಟದ್ದು, ಅದಕ್ಕೇ ದಾಖಲೆ ಸಿಗದೇ ಹೋದದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು. ಅವರು ನೆಲ ನೋಡುತ್ತ ಕೇಳಿಸಿಕೊಂಡರು.

"ಒಳಗ ಕರಿ ಅಂತ ಹಟ ಮಾಡಿದ್ದು ನಾನ ಬಿಡ್ರಿ," ಎಂದರು. ಜಮಖಾನೆಯ ಮಡಿಕೆ ಸರಿಮಾಡುತ್ತ, "ಆದ್ರ ಆ ಸಂಜಿ ಫೋನ್ನಾಗ ಹೇಳ್ಬೇಕಿತ್ರಿ ನೀವು. ನಾ ಮಿಷಿನ್ ಮ್ಯಾಲ ಭಾರ ಹಾಕಿ, ಎಂಟು ದಿನ ಊರ ಮಂದೀಗೆಲ್ಲ ಹೇಳ್ಕೋತ ತಿರಗಿದೆ."

ಚಹಾ ಬಂತು, ತಟ್ಟೆಯಲ್ಲಿ ಬಿಸ್ಕಿಟ್ ಸಮೇತ. ಕುಡಿದಾದ ಮೇಲೆ ಹಿಂದಿನ ಸಲದ ಸಲುಗೆಯಲ್ಲಿ ಕಪ್ಪು ಹಿಡಿದು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟೆ. ಕಾಕಿ ಹೊಸ್ತಿಲಿಗೇ ಬಂದು ನಿಂತು ಕೈ ಚಾಚಿದರು.

"ಇರ್ಲಿ ಬಿಡ್ರಿ, ಇಲ್ಲೇ ಕೊಡ್ರಿ."