ಕ್ಯಾಮೆರಾ ಲೆಕ್ಕದ ನಾಲ್ಕು ಗಂಟೆ ನಲವತ್ತಾರು ನಿಮಿಷ

ಕಳೆದ ತಿಂಗಳು ಒಂದು ಶನಿವಾರ ನಾನು ಒಂದೇ ಜಾಗದಲ್ಲಿ ನಾಲ್ಕು ಗಂಟೆ ನಲವತ್ತಾರು ನಿಮಿಷ ಇದ್ದೆನಂತೆ. ಹಾಗೆಂದು ನನಗೆ ಪತ್ರ ಬಂತು.

ಪತ್ರದಲ್ಲಿ ಎರಡು ಫೋಟೊ. ಅಂಚೆಚೀಟಿಗಿಂತ ತುಸು ದೊಡ್ಡವು, ಕಪ್ಪು ಬಿಳುಪು. ಮೊದಲನೆಯದರಲ್ಲಿ ನನ್ನ ಕಾರು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಅಂಚಿನ ಒಂದು ರಿಟೇಲ್ ಪಾರ್ಕಿನ, ಅಂದರೆ ಕಾರು ನಿಲ್ಲಿಸುವ ಬಯಲಿನ ಸುತ್ತ ಅಂಗಡಿಗಳಿರುವ ಜಾಗದ, ಒಳಗೆ ಬರುತ್ತಿದೆ. ಬೆಳಿಗ್ಗೆ ಹನ್ನೊಂದು ಗಂಟೆ ಆರು ನಿಮಿಷ. ಎರಡನೆಯದರಲ್ಲಿ ಅದೇ ಕಾರು ಹೊರಗೆ ಹೋಗುತ್ತಿದೆ. ಮಧ್ಯಾಹ್ನ ಮೂರು ಐವತ್ತೆರಡು. ಅಲ್ಲಿ ಮೂರು ಗಂಟೆ ಮಾತ್ರ ಪುಕ್ಕಟೆ. ಆದ್ದರಿಂದ ನೂರು ಪೌಂಡ್ ಕಟ್ಟಿ, ಹದಿನಾಲ್ಕು ದಿನದೊಳಗಾದರೆ ಅರವತ್ತು ಸಾಕು.

(ಇದು ಪೊಲೀಸರ ದಂಡವಲ್ಲ, ಕೌನ್ಸಿಲ್‌ನದೂ ಅಲ್ಲ. ಕಾರ್ ಪಾರ್ಕ್ ನೋಡಿಕೊಳ್ಳುವ ಖಾಸಗಿ ಕಂಪನಿಯ ಬಿಲ್ಲು. ಆದರೆ ಆ ಕಾಗದ, ಆ ಕೆಂಪು ಪಟ್ಟಿ, ಆ ದಪ್ಪಕ್ಷರ ನೋಡಿದರೆ ಕೋರ್ಟಿನ ಮೆಟ್ಟಿಲ ಮೇಲೆ ನಿಂತಂತೆ ಆಗುತ್ತದೆ.)

ನನ್ನ ನೆನಪಿನ ಪ್ರಕಾರ ನಾನು ಅಲ್ಲಿಗೆ ಹೋದದ್ದು ಎರಡು ಸಲ. ಎರಡು ಸಲವೂ ಸ್ವಲ್ಪ ಸ್ವಲ್ಪ ಹೊತ್ತು.

ಬೇರೆಯವರಾಗಿದ್ದರೆ ‘ನಿಮ್ಮ ಲೆಕ್ಕ ತಪ್ಪಿದೆ’ ಎಂದು ಬರೆದು ಕಳಿಸಿ ಕಾಫಿ ಕುಡಿಯುತ್ತಿದ್ದರು. ನಾನು ಪತ್ರ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಯಾಕೆಂದರೆ ನನ್ನ ನೆನಪು ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದಿದೆ.

ಕಳೆದ ಸೆಪ್ಟೆಂಬರಿನಲ್ಲಿ ಅಡುಗೆಮನೆಯಲ್ಲಿ ನಿಂತು ಕೆಟಲ್ ಹಾಕಿದೆ. ಕಿಟಕಿಯಾಚೆ ಪಕ್ಕದ ಮನೆಯ ಹಗ್ಗದ ಮೇಲೆ ಒಂದು ನೀಲಿ ಟವೆಲ್ ಆಡುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಮುಂದಿನ ಕ್ಷಣ ನಾನು ನೆಲದ ಮೇಲಿದ್ದೆ. ಹಸಿರು ಸಮವಸ್ತ್ರದ ಆಂಬುಲೆನ್ಸ್ ಹೆಂಗಸು ನನ್ನ ಹೆಸರು ಕೇಳುತ್ತಿದ್ದಳು. ‘ಏನಿಲ್ಲ, ಈಗ ತಾನೇ ಕೆಟಲ್ ಹಾಕಿದೆ, ಒಂದು ನಿಮಿಷ ತಲೆ ತಿರುಗಿತು’ ಅಂದೆ. ಆಣೆ ಮಾಡಿ ಹೇಳುವಷ್ಟು ಖಾತ್ರಿಯಿತ್ತು. ಅವಳು ಕೆಟಲ್ ಮುಟ್ಟಿ ನೋಡಿದಳು. ತಣ್ಣಗಿತ್ತು. ನಲವತ್ತು ನಿಮಿಷ ಹೋಗಿತ್ತು.

ಎಲ್ಲ ಪರೀಕ್ಷೆಗಳೂ ಆದವು. ಕಾರಣ ಸಿಗಲಿಲ್ಲ. ಆರು ತಿಂಗಳು ಕಾರು ಓಡಿಸುವಂತಿಲ್ಲ ಎಂದಾಯಿತು. ನಾನು ಫಿಸಿಯೋಥೆರಪಿಸ್ಟ್. ಬಿದ್ದು ಸೊಂಟ ಮುರಿದುಕೊಂಡವರ ಮನೆಗೇ ಹೋಗಿ ಅವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಕಾರಿಲ್ಲದೆ ಅದು ಆಗದು. ಆಫೀಸಿನಲ್ಲಿ ಕುಳಿತು ಯಾರಿಗೆ ಯಾವ ಪಾಳಿ ಎಂಬ ರೋಟಾ ಬರೆಯುವುದಕ್ಕೆ ನನ್ನನ್ನು ಹಾಕಿದರು. (ಆ ದಿನಗಳಲ್ಲಿ ಬಸ್ಸಿನ ಮೇಲಿನ ಮಹಡಿಯ ಬಗ್ಗೆ ಈ ಅಂಕಣದಲ್ಲಿ ಎರಡೆರಡು ವಾರ ಬರೆದು ನಿಮ್ಮ ತಾಳ್ಮೆ ಪರೀಕ್ಷಿಸಿದ್ದೆ. ಅಸಲು ಕಾರಣ ಇದು.)

ಮಾರ್ಚಿನಲ್ಲಿ ಮತ್ತೆ ಓಡಿಸಬಹುದು ಎಂಬ ಕಾಗದ ಬಂತು. ಮತ್ತೆ ಸ್ಟೀರಿಂಗ್ ಹಿಡಿಯುವಂತಾದರೆ ಕಾರಿಗೆ ಪೂಜೆ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದೆ. ಅದೇ ಆ ಶನಿವಾರ.

ಆ ದಿನ ನನಗೆ ನೆನಪಿರುವುದನ್ನು ನೆನಪಿರುವ ಕ್ರಮದಲ್ಲೇ ಹೇಳುತ್ತೇನೆ.

ನನ್ನ ಗಂಡ ಮುರಳಿ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿದ್ದರು. ನಾನು ಫೋನ್ ಮನೆಯಲ್ಲೇ ಬಿಟ್ಟೆ. (ಮರೆತು ಅಲ್ಲ. ಒಯ್ದಿದ್ದರೆ ಪ್ರತಿ ರೌಂಡ್‌ಅಬೌಟ್‌ಗೂ ಅವರ ಒಂದು ಕಾಲ್ ಬರುತ್ತಿತ್ತು.) ರಿಟೇಲ್ ಪಾರ್ಕಿನಲ್ಲಿ ನಿಲ್ಲಿಸಿ, ಅಲ್ಲಿನ ನಮ್ಮ ಕಡೆಯ ಅಂಗಡಿಯಲ್ಲಿ ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು, ಉದ್ದನೆಯ ಚೆಂಡುಹೂವಿನ ಹಾರ ಕೊಂಡೆ. ಹಾರವನ್ನು ಕಾರಿನ ಮೂತಿಗೆ ನಾನೇ ಕಟ್ಟಿದೆ. ಊರಲ್ಲಿ ಹೇಗೆ ಕಟ್ಟುತ್ತಾರೋ ಹಾಗೆ, ಈ ಕಡೆಯಿಂದ ಆ ಕಡೆಗೆ, ನಡುವೆ ದುಂಡಗೆ ಇಳಿಬಿಟ್ಟು. ಆಮೇಲೆ ಟಿವಿಡೇಲ್‌ನ ದೇವಸ್ಥಾನ. ಸಾಲಿನಲ್ಲಿ ಬಹಳ ಹೊತ್ತು ಕಾದದ್ದು. ಅರ್ಚಕರು ಬಾನೆಟ್ ಮೇಲೆ ಅರಿಶಿನ ಕುಂಕುಮದ ಮೂರು ಬೊಟ್ಟಿಟ್ಟದ್ದು. ‘ನಿಂಬೆಹಣ್ಣಿನ ಮೇಲೆ ಮೆಲ್ಲಗೆ ಹತ್ತಿಸಿ ಅಮ್ಮಾ’ ಎಂದದ್ದು. ಚಕ್ರದಡಿ ಹಣ್ಣು ಒಡೆದ ಆ ಸಣ್ಣ ಸದ್ದು.

ಬರುವಾಗ ಹಾಲು ಬೇಕಿತ್ತು. ಮತ್ತೆ ಅದೇ ರಿಟೇಲ್ ಪಾರ್ಕ್. ಹಾಲು ತಂದು ಕಾರಿನಲ್ಲಿ ಕುಳಿತು ಪ್ರಸಾದದ ಪುಳಿಯೋಗರೆ ತಿಂದೆ. ಗಾಜಿನ ಮೂಲಕ ಬಿಸಿಲು ಬರುತ್ತಿತ್ತು. ಆರು ತಿಂಗಳ ಮೋಡದ ಬಳಿಕ ಬಂದ ಬಿಸಿಲು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದೆ.

ಆಮೇಲೆ ಒಬ್ಬ ಮುದುಕ. ಚೌಕಳಿ ಟೋಪಿ, ಕಂಕುಳಲ್ಲಿ ಹೂಗಿಡಗಳ ಒಂದು ಟ್ರೇ. ಬೆರಳ ಗೆಣ್ಣಿನಿಂದ ಗಾಜು ತಟ್ಟಿ ಏನೋ ಹೇಳಿದ. ಅವನ ಹಿಂದೆ ಆಕಾಶ ತೀರಾ ಬೆಳ್ಳಗಿತ್ತು. ಅವನ ಮುಖ ಸರಿಯಾಗಿ ನೆನಪಿಲ್ಲ. ಮನೆಗೆ ಬಂದ ಮೇಲೆ ನೆನೆದುಕೊಂಡರೆ ಅವನು ಕನಸಿನವನ ಹಾಗೆ ಕಂಡ. ಇರಲಿ, ಕನಸೇ ಇರಬೇಕು ಅಂದುಕೊಂಡೆ.

ಪ್ರಶ್ನೆ ಇಷ್ಟೇ. ಆ ‘ಸ್ವಲ್ಪ ಹೊತ್ತು’ ಅಂದರೆ ಎಷ್ಟು? ನಾನು ದೇವಸ್ಥಾನಕ್ಕೆ ಮೊದಲೇ ಹೋಗಿ ಬಂದು, ಹನ್ನೊಂದು ಗಂಟೆಗೆ ಅಲ್ಲಿ ಕಾರು ನಿಲ್ಲಿಸಿ, ಸಂಜೆ ಹತ್ತಿರವಾಗುವವರೆಗೆ ಆ ಸೀಟಿನಲ್ಲೇ ಇದ್ದೆನೆ? ಹೂ ಕೊಂಡದ್ದು, ಹಾಲು ಕೊಂಡದ್ದು ಎಲ್ಲವನ್ನೂ ನನ್ನ ತಲೆ ಆಮೇಲೆ ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿತೆ? ಅಂಗಡಿಯಲ್ಲಿ ನಗದು ಕೊಟ್ಟಿದ್ದೆ, ರಸೀದಿ ಇರಲಿಲ್ಲ. ದೇವಸ್ಥಾನದ ರಸೀದಿಯಲ್ಲಿ ದಿನಾಂಕವಿತ್ತು, ಗಂಟೆ ಇರಲಿಲ್ಲ. ಅರ್ಚಕರಿಗೆ ಫೋನ್ ಮಾಡಿದೆ. ‘ಆ ಶನಿವಾರ ಹದಿನೆಂಟು ಗಾಡಿ ಅಮ್ಮಾ, ಅದರಲ್ಲಿ ಹದಿನಾರು ಬೂದು ಬಣ್ಣ’ ಅಂದರು. ನನ್ನದೂ ಬೂದು.

ಮುರಳಿ ಅನಸ್ತೇಶಿಯಾ ಡಾಕ್ಟರು. ಜನರನ್ನು ಮಲಗಿಸಿ ಎಬ್ಬಿಸುವವರು. ಅವರು ಪತ್ರವನ್ನು ಎರಡು ಸಲ ಓದಿದರು.

‘ಕಟ್ಟಿಬಿಡೋಣ. ಅರವತ್ತು ಪೌಂಡಿಗೆ ಯಾಕೆ ತಲೆ ಕೆಡಿಸ್ಕೋತೀಯ?’

‘ಕಟ್ಟಿದ್ರೆ ಅಷ್ಟು ಹೊತ್ತೂ ಅಲ್ಲೇ ಇದ್ದೆ ಅಂತ ಒಪ್ಪಿಕೊಂಡ ಹಾಗಲ್ವೇನ್ರೀ?’

ಅವರು ಪತ್ರ ಮಡಿಸಿಟ್ಟು ಕೇಳಿದರು. ‘ಕಾರಲ್ಲಿ ಕಣ್ಣು ಮುಚ್ಚಿದೆ ಅಂದ್ಯಲ್ಲ. ಎಷ್ಟು ಹೊತ್ತು?’

‘ಐದು ನಿಮಿಷ. ಹತ್ತು.’

‘ಎಲ್ರೂ ಹಾಗೇ ಅನ್ನೋದು, ಸುಮಾ. ಆರು ಗಂಟೆ ಆಪರೇಷನ್ ಆದವರೂ ಎದ್ದು, ಈಗ ತಾನೇ ಮಲಗಿದ್ದೆ ಅಂತಾರೆ.’

ಮೆಲ್ಲಗೇ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು.

ಮರುದಿನ ಬೆಳಿಗ್ಗೆ ಬಾಗಿಲ ಪಕ್ಕದ ಕೊಕ್ಕೆಯಲ್ಲಿ ನನ್ನ ಕಾರಿನ ಕೀ ಇರಲಿಲ್ಲ. ಅವರು ತಮ್ಮ ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನೂ ಆ ಕಾರನ್ನು ಮುಟ್ಟುವವಳಿರಲಿಲ್ಲ ಬಿಡಿ. ಮತ್ತೆ ಎಚ್ಚರ ತಪ್ಪಿದ್ದರೆ ಲೈಸೆನ್ಸ್ ಕಚೇರಿಗೆ ನಾನೇ ತಿಳಿಸಬೇಕು. ಅದು ಕಾನೂನು, ಸರಿಯೂ ಹೌದು. ಫಾರ್ಮ್ ತುಂಬಿಸಿ ಫ್ರಿಜ್ಜಿನ ಮೇಲೆ ಇಟ್ಟೆ. ಸಹಿ ಮಾತ್ರ ಬಾಕಿ. ಮ್ಯಾನೇಜರಿಗೆ ಹುಷಾರಿಲ್ಲ ಎಂದು ಹೇಳಿ ಮತ್ತೆ ರೋಟಾ ಬರೆಯಲು ಕುಳಿತೆ.

ಶೆಫೀಲ್ಡ್‌ನಲ್ಲಿರುವ ಗೆಳತಿ ವನಿತಾಗೆ ಫೋನ್ ಮಾಡಿದೆ. ಉಡುಪಿಯವಳು. ಇಲ್ಲಿಗೆ ಬಂದು ಹದಿನೈದು ವರ್ಷವಾದರೂ ವಿಳಾಸ ಕಾಣುವ ಕಿಟಕಿಯಿರುವ ಸರ್ಕಾರಿ ಥರದ ಲಕೋಟೆ ಕಂಡರೆ ಹೆದರುತ್ತಾಳೆ.

‘ಎಂತ ಮಾರಾಯ್ತಿ, ಬೇಗ ಕಟ್ಟಿ ಕೈ ತೊಳಿ. ನಾಳೆ ಸಿಟಿಜನ್‌ಶಿಪ್‌ಗೆ ಹಾಕುವಾಗ ಇದೇ ಅಡ್ಡ ಬಂದ್ರೆ?’

‘ಇದು ಸರ್ಕಾರದ್ದಲ್ಲ ವನಿತಾ.’

‘ಫೋಟೊ ಉಂಟಲ್ಲ?’

‘ಉಂಟು.’

‘ಮತ್ತೆ? ಫೋಟೊದ ಎದುರು ನಿನ್ನ ಮಾತು ಯಾರು ಕೇಳ್ತಾರೆ?’

ಅವಳು ಹೇಳಿದ್ದು ಭಯದಿಂದ. ಆದರೆ ಆ ಮಾತು ನನ್ನೊಳಗೆ ಉಳಿಯಿತು. ಪರದೇಶದಲ್ಲಿ ನಾವು ಎಷ್ಟು ಬೇಗ ಒಪ್ಪಿಕೊಂಡುಬಿಡುತ್ತೇವೆ, ಅಲ್ಲವೇ? ಮಾಡಿದೆವೋ ಇಲ್ಲವೋ ಎಂದು ನೋಡುವ ಮೊದಲೇ ಕಾರ್ಡ್ ಹೊರಗೆ ಬಂದಿರುತ್ತದೆ. ಇನ್ನೊಬ್ಬರ ಮಾತು ನಂಬದಿರುವುದರಲ್ಲಿ ನಾನೇನು ಬೇರೆಯವಳೇ? ‘ಎಡವಿದೆ ಅಷ್ಟೇ, ತಲೆ ತಿರುಗಲಿಲ್ಲ’ ಎಂದ ಎಷ್ಟು ಅಜ್ಜಿಯರ ಮಾತಿನ ಮುಂದೆ ನಾನು ಫೈಲಿನಲ್ಲಿ ‘ಅವರ ಹೇಳಿಕೆಯ ಪ್ರಕಾರ’ ಎಂದು ಸೇರಿಸಿಲ್ಲ?

ಪತ್ರ ಬಂದ ಒಂಬತ್ತನೆಯ ದಿನ ರಜೆ ಹಾಕಿದೆ. ಪತ್ರದ ಕೊನೆಯಲ್ಲಿ, ಫೋಟೊಗಳನ್ನು ವೆಬ್‌ಸೈಟಿನಲ್ಲೂ ನೋಡಬಹುದು ಎಂದಿತ್ತು. ಆ ಸಾಲನ್ನು ಅಷ್ಟು ದಿನ ಹಾಯ್ದು ಹೋಗಿದ್ದೆ. ಲ್ಯಾಪ್‌ಟಾಪ್ ತೆರೆದು ನಂಬರ್ ಹಾಕಿದೆ.

ಫೋಟೊಗಳು ಬಣ್ಣದಲ್ಲಿದ್ದವು.

ಮೊದಲನೆಯದು, ಹನ್ನೊಂದು ಗಂಟೆ ಆರು ನಿಮಿಷ. ಕಾರಿನ ಮುಂಭಾಗ. ಬೂದು ಬಾನೆಟ್, ನಂಬರ್ ಪ್ಲೇಟ್. ಬೇರೇನೂ ಇಲ್ಲ.

ಎರಡನೆಯದು, ಮೂರು ಐವತ್ತೆರಡು. ಇದೂ ಮುಂಭಾಗವೇ. ಬಾನೆಟ್ ಮೇಲೆ ಮೂರು ಬೊಟ್ಟು. ಹಳದಿಯ ನಡುವೆ ಕೆಂಪು.

ನಾನು ಎದ್ದು ಕಿಟಕಿಯ ಬಳಿ ಹೋಗಿ ಮತ್ತೆ ಬಂದು ಕುಳಿತೆ. ಬೊಟ್ಟುಗಳು ಅಲ್ಲೇ ಇದ್ದವು. ರಿಟೇಲ್ ಪಾರ್ಕಿಗೆ ಯಾವ ಅರ್ಚಕರೂ ಬಂದು ಬೊಟ್ಟಿಟ್ಟು ಹೋಗುವುದಿಲ್ಲ. ಒಳಗೆ ಬಂದಾಗ ಪೂಜೆಯಾಗಿರಲಿಲ್ಲ. ಹೊರಗೆ ಹೋಗುವಾಗ ಆಗಿತ್ತು. ಅಂದರೆ ನಡುವೆ ನನ್ನ ಕಾರು ಟಿವಿಡೇಲ್‌ಗೆ ಹೋಗಿ ಬಂದಿದೆ. ಇದನ್ನು ನಾನು ಹೇಳುತ್ತಿಲ್ಲ. ಅವರ ಕ್ಯಾಮೆರಾ ಹೇಳುತ್ತಿದೆ.

ಹಾಗಾದರೆ ನಾನು ನಡುವೆ ಹೊರಟದ್ದು, ಮರಳಿದ್ದು ಅದಕ್ಕೆ ಕಾಣಲಿಲ್ಲ ಯಾಕೆ?

ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿದೆ. ನಂಬರ್ ಪ್ಲೇಟಿನ ಎಡಗಡೆ, ಜಡೆಯಿಂದ ಜಾರಿದ ಹೂವಿನ ಹಾಗೆ, ಚೆಂಡುಹೂವಿನ ಹಾರ ಒಂದೇ ಬದಿಗೆ ನೇತಾಡುತ್ತಿತ್ತು. ನಾನು ಕಟ್ಟಿದ್ದು ಹಾಗಲ್ಲ. ನಾನು ನಡುವೆ ಇಳಿಬಿಟ್ಟು ಕಟ್ಟಿದ್ದೆ. ನಂಬರ್ ಪ್ಲೇಟಿನ ಮೇಲೇ. ನಮ್ಮೂರಿನಲ್ಲಿ ಹಾರದ ಜಾಗವೇ ಅದು, ಹೂ ಹಾಕಿದ ಗಾಡಿಯ ನಂಬರನ್ನು ಅಲ್ಲಿ ಯಾರು ಓದುತ್ತಾರೆ? ಆ ಹೂವಿನಿಂದಾಗಿ ದೇವಸ್ಥಾನಕ್ಕೆ ಹೊರಟಾಗಲೂ ಮರಳಿ ಬಂದಾಗಲೂ ಕ್ಯಾಮೆರಾಗೆ ನಾನು ನಂಬರಿಲ್ಲದ ಒಂದು ಹೂಗೊಂಚಲು ಅಷ್ಟೇ.

ಮತ್ತೆ ಅದನ್ನು ಬದಿಗೆ ಸರಿಸಿದ್ದು ಯಾರು?

ಆಗ ಮುದುಕನ ಮಾತು ನನ್ನ ಕಿವಿಗೆ ಬಂತು. ಅಷ್ಟು ದಿನ ಅವನ ತುಟಿ ಮಾತ್ರ ಆಡುತ್ತಿತ್ತು. ಈಗ ಸದ್ದು ಕೇಳಿತು.

‘ಹೂ ಚೆನ್ನಾಗಿದೆ, ಲವ್. ಮದುವೆಯೇನು? ಆದರೆ ನಂಬರ್ ಮುಚ್ಚಿಹೋಗಿದೆ ನೋಡು. ಪೊಲೀಸರು ಕಂಡರೆ ಹಿಡಿಯುತ್ತಾರೆ.’

ನಾನು ಇಳಿದು ಹಾರದ ಒಂದು ತುದಿ ಬಿಚ್ಚಿದ್ದೆ. ಅವನು ಟ್ರೇ ಹಿಡಿದುಕೊಂಡೇ ಪಕ್ಕದಲ್ಲಿ ನಿಂತು ‘ಈಗ ಸರಿ’ ಅಂದಿದ್ದ. ಬೆರಳಿಗೆ ಒದ್ದೆ ದಾರ ತಾಗಿದ್ದು ಕೂಡ ನೆನಪಾಯಿತು. ಅವನು ಕನಸಲ್ಲ. ಬಿಸಿಲು ಕನಸಲ್ಲ. ನಾನು ಅಲ್ಲೇ ಇದ್ದೆ, ಎಚ್ಚರವಾಗಿಯೇ ಇದ್ದೆ.

ಒಂದೂವರೆ ಪುಟದ ಮೇಲ್ಮನವಿ ಬರೆದೆ. ಬೊಟ್ಟು ಎಂದರೇನು, ವಾಹನ ಪೂಜೆ ಎಂದರೇನು, ರಸೀದಿ, ಎರಡು ಫೋಟೊಗಳ ನಡುವಿನ ವ್ಯತ್ಯಾಸ. (ನಂಬರ್ ಪ್ಲೇಟ್ ಮುಚ್ಚಿ ಓಡಿಸುವುದು ಇಲ್ಲಿ ಅಪರಾಧ. ಗೊತ್ತಿಲ್ಲದೆ ಮಾಡಿದೆ ಎಂದು ಅದನ್ನೂ ಬರೆದೆ. ಸಾಕ್ಷಿ ಹೇಳಲು ಹೊರಟವರು ಅರ್ಧ ಹೇಳಿ ನಿಲ್ಲಿಸಬಹುದೇ?)

ಸಂಜೆ ಮುರಳಿಗೆ ಫೋಟೊ ತೋರಿಸಿ, ಹಾರ ಸರಿಸಲು ಹೇಳಿದ ಮುದುಕನ ವಿಷಯವನ್ನೂ ಹೇಳಿದೆ. ಬಹಳ ಹೊತ್ತು ಬಗ್ಗಿ ನೋಡಿದರು.

‘ಈ ಮುದುಕನ ವಿಷಯ ನೀನು ಹೇಳಿರಲೇ ಇಲ್ಲ.’

‘ಕನಸು ಅಂದ್ಕೊಂಡಿದ್ದೆ. ಹೇಳಿದ್ರೆ ನೀವೂ ಹಾಗೇ ಅಂತಿದ್ರಿ.’

ಅವರು ಲ್ಯಾಪ್‌ಟಾಪ್ ಮುಚ್ಚಿದರು. ‘ನೋಡೋಣ, ಅವರೇನು ಹೇಳ್ತಾರೋ’ ಎಂದು ಟೀ ಇಡಲು ಹೋದರು. ಕೀ ಆ ದಿನವೂ ಕೋಟಿನ ಜೇಬಿನಲ್ಲೇ ಇತ್ತು.

ಮೂರು ವಾರದ ಮೇಲೆ ಉತ್ತರ ಬಂತು. ನಾಲ್ಕು ಸಾಲು. ನೀವು ಕಳಿಸಿದ ಸಾಕ್ಷ್ಯ ಪರಿಶೀಲಿಸಿದ್ದೇವೆ, ಕ್ಯಾಮೆರಾ ಎರಡು ಭೇಟಿಗಳನ್ನು ಒಂದೆಂದು ದಾಖಲಿಸಿದೆ, ಚಾರ್ಜ್ ರದ್ದು. ಅಷ್ಟೇ. ನಾನು ಫ್ರಿಜ್ಜಿನ ಮೇಲಿದ್ದ ಫಾರ್ಮ್ ತೆಗೆದು, ನಾಲ್ಕು ಮಡಿಕೆ ಮಾಡಿ, ಹರಿದೆ.

ಮುರಳಿ ಪತ್ರ ಓದಿದರು. ಎದ್ದು ಹೋಗಿ ಕೋಟಿನಿಂದ ಕೀ ತೆಗೆದು, ಸದ್ದಾಗದ ಹಾಗೆ ಕೊಕ್ಕೆಗೆ ಹಾಕಿ ಬಂದು ಕುಳಿತರು.

‘ಸದ್ಯ,’ ಅಂದರು. ‘ಅವರು ನಂಬಿದರಲ್ಲ.’

‘ಅವರ ವಿಷಯ ಬಿಡಿ,’ ಅಂದೆ. ‘ನೀವು ಯಾವತ್ತು ನಂಬಿದಿರಿ?’