ಮುದ್ದೆ ಅಗಿದವಳಿಗೆ ಬಹುಮಾನ

ಮಧುಗಿರಿಯ ಹುಡುಗಿಯರ ಹಾಸ್ಟೆಲಿನಲ್ಲಿ ‘ಗಮನವಿಟ್ಟು ಉಣ್ಣುವುದು’ ಎಂಬ ತರಬೇತಿಯಿತ್ತು. ತರಬೇತುದಾರರ ಸಹಾಯಕಿಯಾಗಿ ನಾನೂ ಹೋಗಿದ್ದೆ. ಪ್ರತಿ ತುತ್ತನ್ನೂ ನಿಧಾನವಾಗಿ ಅಗಿಯಬೇಕು, ಚೆನ್ನಾಗಿ ಅಗಿದವರಿಗೆ ಬಹುಮಾನ ಎಂದರು ಅವರು. ಅಂದಿನ ಊಟ ರಾಗಿಮುದ್ದೆ. ಅದನ್ನು ಇಲ್ಲಿ ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಎಲ್ಲರ ಹಲ್ಲಿಗೂ ಅಂಟಿಕೊಂಡಿತು.

ಮೂಲೆಯಲ್ಲಿದ್ದ ಒಬ್ಬಳು ಮಾತ್ರ ಒಂದೇ ತುತ್ತನ್ನು ಊಟ ಮುಗಿಯುವವರೆಗೂ ಅಗಿದಳು.

“ಎಂಥ ಏಕಾಗ್ರತೆ! ಬಹುಮಾನ ಇವಳಿಗೇ” ಎಂದರು ತರಬೇತುದಾರರು.

ಅವಳ ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು: “ಅಕ್ಕ, ದಪ್ಪ ಆಗ್ತೀನಿ ಅಂತ ಇವ್ಳು ಊಟನೇ ಬುಟ್ಟವ್ಳೆ. ಅದ್ಕೂ ಬಹುಮಾನನಾ?”

ನಾನು ಮೂಲೆಯವಳ ಪಕ್ಕ ಕೂತು ಮುದ್ದೆ ನುಂಗತೊಡಗಿದೆ. ಅವಳು ನಕ್ಕಳು. ಆಮೇಲೆ ತಾನೂ ಸಾರಿಗದ್ದಿ ಒಂದು ತುತ್ತು ನುಂಗಿದಳು.

ಗಮನ ತಪ್ಪಿತೆಂದು ತರಬೇತುದಾರರು ಬಹುಮಾನವನ್ನು ಬೇರೆಯವಳಿಗೆ ಕೊಟ್ಟರು. ಅಂದು ಅವರು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.