ಅಣ್ಣನ ಮುಖಕ್ಕೆ ಒಂದು ಗಾಜು

ಕ್ಯಾಲನೂರಿನಲ್ಲಿ ಮನೆಗೆ ಗಾಜಿನ ಕೋಣೆ ಕಟ್ಟಿಸಿದ ಮೊದಲ ಮನುಷ್ಯ ನಾನೇ ಇರಬೇಕು. ಬಿಸಿಲು ಸಾಲದೆ ಕಟ್ಟಿಸಿದ್ದಲ್ಲ. ಏಪ್ರಿಲಿನಲ್ಲಿ ನಮ್ಮ ಕಡೆ ಬಿಸಿಲು ಸಾಲುತ್ತಿಲ್ಲ ಎನ್ನುವವರು ಯಾರಾದರೂ ಇದ್ದರೆ ಅವರನ್ನು ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಚಳಿ ದೇಶದವರು ಮೈ ಕಾಯಿಸಿಕೊಳ್ಳಲು ಕಟ್ಟಿಸುವ ಈ ಕೋಣೆಯನ್ನು ನಾನು ಕಟ್ಟಿಸಿದ್ದು ದೊಡ್ಡಪ್ಪನ ಮಗ, ನನ್ನ ಅಣ್ಣನ ಮೇಲೆ ಸೇಡು ತೀರಿಸಿಕೊಳ್ಳಲು.

ಸೇಡು ಎನ್ನುವ ಮಾತು ನನ್ನ ಮೈಕಟ್ಟಿಗೆ ಒಪ್ಪುವುದಿಲ್ಲ, ಗೊತ್ತು. ಕೋಲಾರದ ಒಂದು ಕಚೇರಿಯಲ್ಲಿ ಗುಮಾಸ್ತ ನಾನು. ಬಸ್ಸು ಹತ್ತಿ ಕೂತ ಮೇಲೆ ಗ್ಯಾಸು ಆರಿಸಿದೆಯಾ ಎಂದು ಹೆಂಡತಿಗೆ ಫೋನು ಮಾಡುವವನು. ಅವಳು ಆ ಗ್ಯಾಸಿನ ಮೇಲೇ ಸಾರು ಕುದಿಸುತ್ತ ನಿಂತಿರುತ್ತಾಳೆ. ಆದರೆ ಅಂಜುಬುರುಕನ ಸೇಡು ಸಾಮಾನ್ಯದ್ದಲ್ಲ. ಹೊಡೆದಾಡುವವನು ಒಂದು ದಿನ ಹೊಡೆದಾಡಿ ಮರೆತುಬಿಡುತ್ತಾನೆ. ನಮ್ಮಂಥವರು ಯೋಚಿಸುತ್ತೇವೆ.

ಆಗಿದ್ದು ಇಷ್ಟು. ನಮ್ಮ ಮನೆಯೂ ಅಣ್ಣನ ಮನೆಯೂ ಪೂರ್ವಕ್ಕೆ ಮುಖ ಮಾಡಿವೆ, ಹಿಂದೊಂದು ಮುಂದೊಂದು. ಹೀಗಾಗಿ ನಮ್ಮ ಹಿತ್ತಲಿಗೆ ಎದುರಾಗಿ ಅವನ ಮುಂದಿನ ಅಂಗಳ. ನಡುವೆ ಎದೆಮಟ್ಟದ ಗೋಡೆ. ಗೋಡೆಯ ಸಾಲಿನಲ್ಲೇ ಒಂದು ಹೊಂಗೆಮರವಿತ್ತು. ಮನೆ ಭಾಗವಾದಾಗ ಅಪ್ಪ, ದೊಡ್ಡಪ್ಪ ಸೌಟು ಸಟ್ಟುಗವನ್ನೂ ಬಿಡದೆ ಹಂಚಿಕೊಂಡರಂತೆ. ಮರವನ್ನು ಮಾತ್ರ ಇಬ್ಬರೂ ಮುಟ್ಟಬಾರದು ಎಂದು ಮಾತಾಗಿತ್ತು. ಬೆಳಗಿನ ನೆರಳು ಅಣ್ಣನ ಅಂಗಳದಲ್ಲಿದ್ದ ಹಸುವಿನ ಶೆಡ್ಡಿಗೆ, ಮಧ್ಯಾಹ್ನದ ನೆರಳು ನಮ್ಮ ಹಿಂದಿನ ಜಗಲಿಗೆ. ಆ ಜಗಲಿಯ ಮೇಲೆ ಒರಗು ಕುರ್ಚಿ ಹಾಕಿಕೊಂಡು ಕೂತರೆ ನನ್ನ ಚಿಂತೆಗಳು ಕೂಡ ಸ್ವಲ್ಪ ತೂಕಡಿಸುತ್ತಿದ್ದವು.

ಎರಡು ವರ್ಷದ ಹಿಂದೆ ಶ್ರೀನಿವಾಸಪುರದ ಕಡೆ ಒಂದು ಮದುವೆಗೆ ಹೋಗಿ ಮೂರನೆಯ ದಿನ ವಾಪಸು ಬಂದೆವು. ಅಡುಗೆಮನೆಗೆ ಹೋದ ಹೆಂಡತಿ ಅಲ್ಲೇ ನಿಂತಳು.

"ರೀ, ಹಿತ್ತಲಲ್ಲಿ ಯಾಕೋ ಬೆಳಕು ಜಾಸ್ತಿ ಇದೆ."

ಹೋಗಿ ನೋಡಿದರೆ ಮರವಿಲ್ಲ. ಬುಡದ ಹತ್ತಿರ ಹಸಿ ಹೊಟ್ಟು ಚೆಲ್ಲಿತ್ತು. ಗೋಡೆಯಾಚೆ ಅಣ್ಣ ಹೊಸದಾಗಿ ಸಿಮೆಂಟು ಹಾಕಿಸಿದ ಅಂಗಳಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದ.

"ಹೂವು ಉದುರಿ ಉದುರಿ ಅಂಗಳ ಎಲ್ಲ ಗಲೀಜು ಕಣ್ಲಾ," ಎಂದ, ನಾನು ಕೇಳುವ ಮೊದಲೇ. "ಎಷ್ಟು ಅಂತ ಗುಡಿಸೋದು. ನಿಂಗೂ ಬೆಳಕಾಯ್ತಲ್ಲ, ಬಿಡು."

ಮರ ಹೋದದ್ದನ್ನು ಅತ್ತು ಕರೆದು ನುಂಗಿಕೊಳ್ಳುತ್ತಿದ್ದೆನೇನೋ. 'ನಿಂಗೂ ಬೆಳಕಾಯ್ತಲ್ಲ' ಎನ್ನುವುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ತಪ್ಪಾಯ್ತು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನನಗೆ ಉಪಕಾರ ಮಾಡಿದವನ ಹಾಗೆ ಪೈಪು ಹಿಡಿದು ನಿಂತಿದ್ದ. ಬೆಳಕು ಕೊಟ್ಟೆಯಾ, ಇರಲಿ, ಆ ಬೆಳಕಿಗೆ ಒಂದು ಮನೆಯನ್ನೇ ಕಟ್ಟಿಸುತ್ತೇನೆ ಎಂದು ಅಲ್ಲಿಯೇ ತೀರ್ಮಾನಿಸಿದೆ. ಬಾಯಲ್ಲಿ ಹೇಳಿದ್ದು, "ಹೂಂ ಅಣ್ಣ."

ದುಡ್ಡು ಹೊಂದಿಸುವಷ್ಟರಲ್ಲಿ ಈ ವರ್ಷದ ಬೇಸಿಗೆ ಬಂತು. ಮಾಲೂರಿನಲ್ಲಿ ಯುಪಿವಿಸಿ ಕಿಟಕಿ ಬಾಗಿಲು ಮಾಡುವವನೊಬ್ಬನಿದ್ದಾನೆಂದು ರೈಲಿನಲ್ಲಿ ಓಡಾಡುವ ಸಹೋದ್ಯೋಗಿ ಹೇಳಿದ್ದ. ಆತ ಟೇಪು ಹಿಡಿದು ಬಂದು ಜಗಲಿಯನ್ನು ಅಳೆದ. ಬಿಳಿ ಪ್ಲಾಸ್ಟಿಕ್ಕಿನ ಚೌಕಟ್ಟು, ಮೂರು ಕಡೆ ಗಾಜು, ಮೇಲೆ ಶೀಟು. ನಾನು ಎಂದಿನಂತೆ ಪ್ರಶ್ನೆ ಕೇಳತೊಡಗಿದೆ. ಆಲಿಕಲ್ಲು ಬಿದ್ದರೆ? ಕೋತಿ ಹತ್ತಿದರೆ? ಬಿಸಿಲಿಗೆ ಚೌಕಟ್ಟು ಬಾಗಿದರೆ? ಮೋಡ ಮುಸುಕಿ ಬೆವರು ಕಿತ್ತುಬರುವ ಮೇ ತಿಂಗಳಲ್ಲಿ ಒಳಗಿದ್ದವನು ಬೆಂದುಹೋದರೆ?

"ಅದಕ್ಕೇ ಸಾರ್, ಕನ್ನಡಿ ಗಾಜು ಹಾಕ್ಸಿ. ಹೊರಗಿಂದ ನೋಡಿದ್ರೆ ಕನ್ನಡಿ, ಒಳಗಿಂದ ಎಲ್ಲ ಕಾಣ್ಸುತ್ತೆ. ಬಿಸಿಲನ್ನ ವಾಪಸ್ ಹೊಡೀತದೆ."

"ವಾಪಸ್ ಅಂದ್ರೆ ಎಲ್ಲಿಗೆ?"

"ಎದುರುಗಡೆಗೆ, ಇನ್ನೆಲ್ಲಿಗೆ ಸಾರ್."

ನಾನು ಎದುರುಗಡೆ ನೋಡಿದೆ. ಶೆಡ್ಡಿನ ಪಕ್ಕದ ಕಲ್ಲುಬೆಂಚಿನ ಮೇಲೆ ಅಣ್ಣ ಪೇಪರು ಹಿಡಿದು ಕೂತಿದ್ದ. ಬೆಳಿಗ್ಗೆ ಟೊಮೆಟೊ ಕ್ರೇಟುಗಳನ್ನು ಕೋಲಾರದ ಮಾರ್ಕೆಟ್ಟಿಗೆ ಹಾಕಿ ಬಂದರೆ ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಅವನ ಆಸ್ಥಾನ ಅದೇ.

"ಅದೇ ಹಾಕಿ," ಎಂದೆ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಜೀವಮಾನದಲ್ಲಿ ನಾನು ಯೋಚಿಸದೆ ತೆಗೆದುಕೊಂಡ ನಿರ್ಧಾರ ಅದೊಂದೇ.

ಕೋಣೆ ಎದ್ದಿತು. ಸಂಜೆ ನಾಲ್ಕಾಯಿತೆಂದರೆ ಪಶ್ಚಿಮದ ಸೂರ್ಯ ನನ್ನ ಗಾಜಿಗೆ ಬಡಿದು ನೇರವಾಗಿ ಅಣ್ಣನ ಅಂಗಳಕ್ಕೆ ಹೋಗುತ್ತಿದ್ದ. ಪೂರ್ವದಲ್ಲಿ ದಿನಕ್ಕೆ ಎರಡು ಸಲ ಸೂರ್ಯೋದಯವಾಗುವ ಮನೆ ಜಿಲ್ಲೆಯಲ್ಲಿ ಅವನದೊಂದೇ. ಮೊದಲ ದಿನ ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಮಾರನೆಯ ದಿನ ಟವೆಲ್ಲು ಹೊದ್ದ. ಮೂರನೆಯ ದಿನ ಎದ್ದು ಒಳಗೆ ಹೋದ. ನಾನು ಒಳಗೆ ಬನಿಯನ್ನು ನೆನೆಯುವಷ್ಟು ಬೆವರುತ್ತ, ಕಾಫಿ ಲೋಟ ಹಿಡಿದು, ಸುಖಪಡುತ್ತಿರುವವನ ಭಂಗಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದೆ.

"ಯಾರಿಗೆ ತೋರಿಸ್ತಿದೀರಿ?" ಎಂದಳು ಹೆಂಡತಿ ಒಂದು ವಾರದ ಮೇಲೆ. "ಹೊರಗಿಂದ ನೋಡಿದ್ರೆ ನೀವು ಕಾಣಲ್ಲ. ಗಾಜು ನೀವೇ ಆರಿಸಿದ್ದಲ್ವಾ?"

ಆ ಒಂದು ವಾರದ ಬೆವರು ಹೀಗೆ ದಂಡವಾಯಿತು.

ಅಣ್ಣ ಗೋಡೆಯ ಹತ್ತಿರ ಬಂದದ್ದು ಹತ್ತನೆಯ ದಿನ.

"ಏನ್ಲಾ ಇದು, ಕಣ್ಣು ಬಿಡಕ್ಕಾಗ್ತಿಲ್ಲ. ಅದಕ್ಕೇನಾದ್ರೂ ಅಡ್ಡ ಹಾಕು."

"ಮರ ಇದ್ದಿದ್ರೆ ಅಡ್ಡ ಇರ್ತಿತ್ತಲ್ಲಣ್ಣ."

"ಓಹೋ, ಅದಾ ವಿಷ್ಯ. ಒಂದು ಮರಕ್ಕೆ ಇಷ್ಟು ಹೊಟ್ಟೆಯುರೀನಾ ನಿಂಗೆ?"

"ನಂಗೆಲ್ಲಿ ಉರಿ. ನಿಂಗೂ ಬೆಳಕಾಯ್ತಲ್ಲ, ಬಿಡು."

ಅವನ ಮಾತನ್ನು ಅವನಿಗೇ ಹಿಂತಿರುಗಿಸಲು ಎಷ್ಟು ತಿಂಗಳಿಂದ ಕಾದಿದ್ದೆನೋ. ಅವನು ಗೋಡೆಗೆ ಉಗುಳಿ ಹೋದ. ನಾನು ಅಂದು ಎರಡು ಮುದ್ದೆ ಉಂಡೆ.

ಲೆಕ್ಕ ತಪ್ಪಿದ್ದು ಎಲ್ಲಿ ಎಂದರೆ, ಅಣ್ಣನಿಗೆ ಕಾಲಿತ್ತು, ಎದ್ದು ಹೋದ. ಪಕ್ಕದ ಶೆಡ್ಡಿನ ಹಸುವಿಗೆ ಹಗ್ಗವಿತ್ತು.

ಆ ಸೀಮೆಹಸು ಅತ್ತಿಗೆಯದು. ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿದ ತವರಿನಿಂದ ಕರುವಾಗಿದ್ದಾಗಲೇ ತಂದು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಮೊದಲ ಸೂಲಿನಲ್ಲಿ ಹೋರಿಗರು. ಈಗ ಎರಡನೆಯ ಸಲ ಐದು ತಿಂಗಳ ಗಬ್ಬ; ಈ ಸಲ ಹೆಣ್ಣುಗರುವಾಗಲಿ, ಇದರ ತಳಿ ಮನೆಯಲ್ಲಿ ಉಳಿಯಲಿ ಎಂದು ಅತ್ತಿಗೆ ಕಂಡ ದೇವರಿಗೆಲ್ಲ ಹೇಳಿಕೊಂಡಿದ್ದರು. ತಗಡಿನ ಶೆಡ್ಡು ಪೂರ್ವಕ್ಕೆ ಮಾತ್ರ ತೆರೆದಿತ್ತು. ಮರ ಹೋದಂದಿನಿಂದ ಬೆಳಗಿನ ಬಿಸಿಲನ್ನು ಹಸು ಹೇಗೋ ತಡೆದುಕೊಂಡಿತ್ತು. ಈಗ ಸಂಜೆಯದೂ ಸೇರಿತು. ಟಾರ್ಪಾಲು ಕಟ್ಟಿದರೆ ಗಾಳಿ ಬರುವ ಕಡೆಯೇ ಮುಚ್ಚಿಹೋಗಿ ಒಳಗೆ ಒಲೆಯ ಹಾಗಾಗುತ್ತಿತ್ತು.

ಒಂದು ಸಂಜೆ ಗಾಜಿನೊಳಗಿನಿಂದ ನೋಡಿದೆ. ಹಸು ನಾಲಿಗೆ ಹೊರಗೆ ಹಾಕಿ ತೇಕುತ್ತಿತ್ತು, ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಅತ್ತಿಗೆ ಗೋಣಿಚೀಲ ನೆನೆಸಿ ಅದರ ಬೆನ್ನಿಗೆ ಹಾಸುತ್ತಿದ್ದರು. ಡೈರಿಗೆ ಹೊರಡುವ ಕ್ಯಾನು ಹಗುರಾಗಿತ್ತು. ಅವರು ಅದನ್ನು ಎತ್ತಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅದರ ಮರುದಿನ ದನದ ಡಾಕ್ಟರು ಬೈಕಿನಲ್ಲಿ ಬಂದರು. ಅವರು ಹಸುವಿನ ಕಿವಿ ಮುಟ್ಟಿ ಹೇಳಿದ್ದು ನನಗೂ ಕೇಳಿಸಿತು. ಹೀಗೇ ಕಾವು ಹತ್ತುತ್ತಿದ್ದರೆ ಕಂದು ಹಾಕಿಬಿಡಬಹುದು.

ಕಂದು ಹಾಕುವುದೆಂದರೆ ಹೊಟ್ಟೆಯಲ್ಲಿದ್ದದ್ದು ದಿನ ತುಂಬುವ ಮೊದಲೇ ಬಿದ್ದುಹೋಗುವುದು.

ಒಳ್ಳೆಯ ಮನುಷ್ಯನಾಗಿದ್ದರೆ ಆಗಲೇ ಗಾಜಿಗೆ ಏನಾದರೂ ಹೊದಿಸುತ್ತಿದ್ದೆ. ನಾನು ಮಾಡಿದ್ದು ಹಸುವಿನ ಚಿಂತೆಯನ್ನು ನನ್ನ ಪಟ್ಟಿಯಲ್ಲಿ ಬಿ.ಪಿ. ಮಾತ್ರೆಯ ಮೇಲಕ್ಕೆ ಏರಿಸಿಕೊಂಡದ್ದು ಮಾತ್ರ. ಅಣ್ಣ ಬಂದು ಒಂದು ಮಾತು ಅನ್ನಲಿ, ಆ ಗಳಿಗೆಯಲ್ಲೇ ಮುಚ್ಚುತ್ತೇನೆ ಎಂದುಕೊಂಡೆ. ಅಣ್ಣ ಅತ್ತ ಹೆಂಡತಿಗೆ ಹೇಳುತ್ತಿದ್ದನಂತೆ: "ಅವನೇ ಮುಚ್ಲಿ. ನಾನ್ಯಾಕೆ ಕೇಳ್ಲಿ? ನಾನೇನು ತಪ್ಪು ಮಾಡಿದೀನಾ?" ಇಬ್ಬರು ಗಂಡಸರ ಮಾನ ಹೀಗೆ ಒಂದು ಗಬ್ಬದ ಹಸುವಿನ ಬೆನ್ನ ಮೇಲೆ ಬೇಯುತ್ತ ನಾಲ್ಕು ದಿನ ಕಳೆಯಿತು.

ಐದನೆಯ ದಿನ ಭಾನುವಾರ. ಮಧ್ಯಾಹ್ನ ಎರಡಕ್ಕೆ ಮುಂಬಾಗಿಲಲ್ಲಿ ಗಂಟೆಯ ಸದ್ದು. ಹೋಗಿ ನೋಡಿದರೆ ಅತ್ತಿಗೆ ಹಸುವನ್ನು ರಸ್ತೆ ಬಳಸಿ ಹೊಡೆದುಕೊಂಡು ಬಂದು ನಮ್ಮ ಗೇಟು ತೆಗೆದಿದ್ದರು. ಮನೆಯ ನೆರಳು ಬಿದ್ದಿದ್ದ ಪೋರ್ಟಿಕೋದಲ್ಲಿ, ನನ್ನ ಸ್ಕೂಟರನ್ನು ತಾವೇ ಬಿಸಿಲಿಗೆ ತಳ್ಳಿ, ಕಿಟಕಿಯ ಸರಳಿಗೆ ಹಗ್ಗ ಕಟ್ಟುತ್ತಿದ್ದರು.

"ಅತ್ತಿಗೆ, ಇದೇನು?"

"ಕಾಣಲ್ವಾ? ಹಸ." ಗಂಟು ಬಿಗಿದು ತಿರುಗಿದರು. ಸಿಟ್ಟು ಬಂದರೆ ಅವರ ಮಾತು ತೆಲುಗಿಗೆ ಹೊರಳುತ್ತದೆ. "ಏಂ ಮನುಷುಲಪ್ಪಾ ಮೀರು, ಎಂಥ ಮನುಷ್ಯರಪ್ಪಾ ನೀವು. ಒಬ್ರು ಮರ ಕಡಿದ್ರಿ, ಒಬ್ರು ಕನ್ನಡಿ ಹಿಡಿದ್ರಿ. ಮರ ಕಡಿಯೋವಾಗ ನನ್ನ ಕೇಳಿದ್ರಾ? ಕನ್ನಡಿ ಹಿಡಿಯೋವಾಗ ನೀನು ಕೇಳಿದ್ಯಾ? ಇನ್ಮೇಲೆ ದಿನಾ ಮಧ್ಯಾಹ್ನ ಇದು ಇಲ್ಲೇ ಇರುತ್ತೆ. ಹಾಲು ಕರೆಯೋದೂ ಇಲ್ಲೇ. ಹುಲ್ಲು ನೀರು ನಿಮ್ಮಣ್ಣ ಹೊತ್ಕೊಂಡ್ ಬರ್ತಾರೆ, ಸಗಣಿ ನೀನು ಎತ್ತು. ಮಾತಾಡಿದ್ರೆ ಮಾತಾಡ್ಕೊಳ್ಳಿ, ಬಿಟ್ರೆ ಬಿಡಿ."

ಹೆಂಡತಿ ಒಳಗಿನಿಂದ ಬಕೆಟ್ಟು, ಪೊರಕೆ ತಂದು ನನ್ನ ಕೈಗೆ ಕೊಟ್ಟಳು. ಅವಳ ಮುಖ ನೋಡಿದರೆ ಈ ಏರ್ಪಾಡು ಅವಳಿಗೆ ಮೊದಲೇ ಗೊತ್ತಿತ್ತು ಎಂದು ಅನುಮಾನ.

ಮೂರೂವರೆಗೆ ಅಣ್ಣ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನನ್ನ ಗೇಟಿನೊಳಗೆ ಬಂದ. ಎರಡು ವರ್ಷದಿಂದ ದಾಟದ ಗೇಟು. ನಾನು ಕೈಯಲ್ಲಿ ಸಗಣಿ ಹಿಡಿದು ನಿಂತಿದ್ದೆ. ಅವನು ಹುಲ್ಲು ಇಳಿಸಿ, ಹಸುವಿನ ಗಂಗೆದೊಗಲು ಸವರಿ, ಅದಕ್ಕೆ ಹೇಳುವವನಂತೆ ಅಂದ:

"ನೆರಳು ಚೆನ್ನಾಗಿದೆ."

ತಪ್ಪಾಯ್ತು ಎನ್ನಲಿಲ್ಲ. ಮರುದಿನವೂ ಬಂದ, ಅದರ ಮರುದಿನವೂ ಬಂದ. ನಾನು ಅರ್ಧ ದಿನದ ರಜೆ ಹಾಕಿ ಹಾಕಿ ಸಗಣಿ ಎತ್ತಿದೆ. ರಜೆಯ ಅರ್ಜಿಯಲ್ಲಿ ಕಾರಣ 'ಕೌಟುಂಬಿಕ' ಎಂದು ಬರೆದೆ. ಗುರುವಾರದ ಹೊತ್ತಿಗೆ ಹಸು ತೇಕುವುದು ನಿಂತು, ಮಲಗಿ ಮೆಲುಕು ಹಾಕತೊಡಗಿತು. ಅದನ್ನು ನೋಡುತ್ತ ನಿಂತಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಸೇಡು ಅಣ್ಣನ ಮೇಲೆ, ಇದರ ಮೇಲಲ್ಲ. ಎರಡನ್ನೂ ಬೇರೆ ಮಾಡಬೇಕು.

ಬೇರೆ ಮಾಡಿದೆ. ಟೊಮೆಟೊ ನರ್ಸರಿಗಳಲ್ಲಿ ಸಸಿಗಳ ಮೇಲೆ ಕಟ್ಟುವ ಹಸಿರು ನೆರಳುಬಲೆಯನ್ನು ತಂದೆ. ಒಂದು ಸಂಜೆಯೆಲ್ಲ ಹೊರಗೆ ನಿಂತು ಯಾವ ಗಾಜಿನ ಬೆಳಕು ಎಲ್ಲಿ ಬೀಳುತ್ತದೆ ಎಂದು ಒಂದೊಂದಕ್ಕೂ ರಟ್ಟು ಅಡ್ಡ ಹಿಡಿದು ಗುರುತು ಮಾಡಿಕೊಂಡೆ. ಕಚೇರಿಯಲ್ಲಿ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದರೆ ಯಾವಾಗಲೋ ಬಡ್ತಿ ಸಿಗುತ್ತಿತ್ತು. ಏಣಿ ಹತ್ತಿ, ಬೀಳುವ ಭಯಕ್ಕೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಶೆಡ್ಡಿನ ಕಡೆಗೆ ಬೆಳಕು ಹೋಗುವ ಗಾಜುಗಳಿಗೆಲ್ಲ ಹೊರಗಿನಿಂದ ಬಲೆ ಬಿಗಿದೆ. ಕಲ್ಲುಬೆಂಚಿನ ಮೇಲೆ ಮತ್ತೆ ಬಂದು ಕೂತಿದ್ದ ಅಣ್ಣ ಗೆದ್ದವನ ಗತ್ತಿನಲ್ಲಿ ನೋಡುತ್ತಿದ್ದ.

"ಲೇ, ಆ ಮೂಲೇಲಿ ಇನ್ನೊಂಚೂರು ಎಳಿ," ಎಂದು ಅಲ್ಲಿಂದಲೇ ಸಲಹೆ ಕೊಟ್ಟ.

ಎಳೆದೆ. ಬಲಗಡೆಯ ಮೇಲಿನ ಒಂದು ಗಾಜನ್ನು ಬಿಟ್ಟು ಉಳಿದೆಲ್ಲವೂ ಮುಚ್ಚಿತು.

ಹಸು ಮಾರನೆಯ ದಿನ ತನ್ನ ಶೆಡ್ಡಿಗೆ ಹೋಯಿತು. ಶ್ರಾವಣದಲ್ಲಿ ಕರು ಹಾಕಿತು, ಹೆಣ್ಣು. ಐದನೆಯ ದಿನ ಅತ್ತಿಗೆ ತಟ್ಟೆಯಲ್ಲಿ ಗಿಣ್ಣು ತಂದರು. ಮೋಡ ಸರಿದು ಬಿಸಿಲು ಬಿದ್ದಿದ್ದ ಸಂಜೆ. ನಾನು ಗಾಜಿನ ಕೋಣೆಯಲ್ಲಿದ್ದೆ. ಬಲೆ ಕಟ್ಟಿದ ಮೇಲೆ ಅದು ಕೂರುವ ಹಾಗಾಗಿತ್ತು. ಅತ್ತಿಗೆ ಒಳಗೆ ಬಂದು ತಟ್ಟೆ ಇಟ್ಟು, ಹೊರಗೆ ನೋಡಿದರು. ಗೋಡೆಯಾಚೆ ಅಣ್ಣ ಕಲ್ಲುಬೆಂಚಿನ ಮೇಲೆ ಕೂತಿದ್ದ. ಮುಖದ ಮೇಲೆ ಮಾತ್ರ, ಊಟದ ತಟ್ಟೆಯಷ್ಟಗಲ ಬೆಳಕು. ಎಡಕ್ಕೆ ವಾಲಿದ. ಕಣ್ಣು ಕಿರಿದು ಮಾಡಿದ. ಪೇಪರು ಎತ್ತಿ ಹಿಡಿದ. ಎದ್ದರೆ ಸೋತಂತೆ, ಆದ್ದರಿಂದ ಏಳಲಿಲ್ಲ.

"ಆ ಒಂದು ಗಾಜು ಮರ್ತುಬಿಟ್ಯೇನಪ್ಪಾ?" ಎಂದರು ಅತ್ತಿಗೆ.

"ಬಲೆ ಸಾಲಲಿಲ್ಲ, ಅತ್ತಿಗೆ."

ಅವರು ಮೂಲೆಯಲ್ಲಿ ಸುತ್ತಿಟ್ಟಿದ್ದ, ಉಳಿದ ಬಲೆಯ ಉರುಳೆಯನ್ನು ನೋಡಿದರು. ನಾನು ಕ್ಷಮೆ ಕೇಳುವುದೋ ಉರುಳೆಯನ್ನು ಬಚ್ಚಿಡುವುದೋ ಎಂದು ಚಡಪಡಿಸುತ್ತಿರುವಾಗ, ಅವರು ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಇನ್ನು ಸ್ವಲ್ಪ ಹೊತ್ತಿದ್ದು ಹೋಗ್ತೀನಿ," ಎಂದರು. "ಗಿಣ್ಣು ತಿನ್ನು, ಆರೋಗುತ್ತೆ."